ಬಣ್ಣ ಹೋಗಿದ್ದೆಲ್ಲಿಗೆ?

ಎಂ.ಎಸ್ಸಿ. ಪ್ರಾಜೆಕ್ಟಿಗೆ ದಾವಣಗೆರೆಯ ಲ್ಯಾಬಿನಲ್ಲಿ ಕೂತು ನಾನು ಮಾಡಿದ್ದು ಒಂದೇ ಕೆಲಸ. ಮೊಳಕಾಲ್ಮೂರಿನ ಬಣ್ಣದ ಮನೆಯಿಂದ ತಂದ ಕೆಂಪು ನೀರನ್ನು ತಿಳಿ ಮಾಡುವುದು. ರೇಷ್ಮೆ ಲಡಿ ಅದ್ದಿ ತೆಗೆದ ಮೇಲೆ ಚರಂಡಿಗೆ ಹೋಗುವ ನೀರು ಅದು. ಬಸ್ಸಿನಲ್ಲಿ ಕ್ಯಾನಿನ ಮುಚ್ಚಳ ಸಡಿಲವಾಗಿ ನನ್ನ ನೈಲಾನ್ ಬ್ಯಾಗ್ ಇವತ್ತಿಗೂ ಗುಲಾಬಿ. ರೇಷ್ಮೆ ಹಿಡಿಯುವ ಆ್ಯಸಿಡ್ ಬಣ್ಣ ನೈಲಾನನ್ನೂ ಬಿಡುವುದಿಲ್ಲ!

ಜೊತೆಗೆ ಅದೇ ಚರಂಡಿಯ ಕೆಸರನ್ನೂ ಒಂದು ಬಾಟಲಿ ತಂದಿದ್ದೆ. ದಿನಾ ಬಣ್ಣ ಕುಡಿದು ಬದುಕಿದ ಬ್ಯಾಕ್ಟೀರಿಯಾ ಅಲ್ಲೇ ಇರಬೇಕಲ್ವಾ? ಬಣ್ಣ ಬೆರೆಸಿದ ಆಹಾರದಲ್ಲಿ ಬೆಳೆಸಿ, ಬಣ್ಣ ಬೇಗ ತೆಗೆದದ್ದನ್ನು ಆರಿಸಿಕೊಂಡೆ.

ಆ ಬ್ಯಾಕ್ಟೀರಿಯಾ ನೀರಿನಲ್ಲಿ ಚೆದುರದಂತೆ ಪುಟ್ಟ ಜೆಲ್ ಗೋಲಿಗಳೊಳಗೆ ಹಿಡಿದಿಡಬೇಕಿತ್ತು. ಕೈ ಕಲಿಯಬೇಕಾದ್ದು ಆ ಗೋಲಿ ಮಾಡುವಾಗ. ಕಡಲಪಾಚಿಯಿಂದ ತೆಗೆದ ಅಂಟುಪುಡಿ ಸೋಡಿಯಂ ಆಲ್ಜಿನೇಟ್, 3%. ಬಿಸಿ ನೀರಿಗೆ ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ. ಉಪ್ಪಿಟ್ಟಿಗೆ ರವೆ ಬಿಟ್ಟ ಹಾಗೆ ಒಂದು ಕೈಲಿ ಉದುರಿಸುತ್ತಾ ಇನ್ನೊಂದು ಕೈಲಿ ತಿರುವಬೇಕು. ಪೂರ್ತಿ ಆರಿದ ಮೇಲೆ ಬ್ಯಾಕ್ಟೀರಿಯಾ ಬೆರೆಸಿ, ಸಿರಿಂಜಿನಿಂದ 2% ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿ ಬಿಡುವುದು. ತೀರಾ ಹತ್ತಿರದಿಂದ ಬಿಟ್ಟರೆ ಬಾಲ ಬರುತ್ತದೆ, ಎತ್ತರದಿಂದ ಬಿಟ್ಟರೆ ಚಪ್ಪಟೆ. ಸರಿಯಾಗಿ ಬಿದ್ದದ್ದು ನೆನೆದ ಸಾಬೂದಾನಿ ಥರ ಉರುಟಾಗಿ ನಿಲ್ಲುತ್ತದೆ.

ಮೊದಲ ಸಲ ಅವನ್ನು ತೊಳೆದು ಫಾಸ್ಫೇಟ್ ಬಫರಿನಲ್ಲಿಟ್ಟು (ಹುಳಿ-ಕ್ಷಾರ ಏರುಪೇರಾಗದಂತೆ ಕಾಯುವ ದ್ರಾವಣ) ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಗಂಜಿ. ಗೋಲಿಯನ್ನು ಹಿಡಿದಿಟ್ಟಿರುವುದೇ ಕ್ಯಾಲ್ಸಿಯಂ, ಅದನ್ನು ಫಾಸ್ಫೇಟ್ ಕಿತ್ತುಕೊಳ್ಳುತ್ತದೆ. ಆಮೇಲೆ ಉಪ್ಪುನೀರೇ ಗತಿ.

ಎರಡನೇ ಪೆಟ್ಟು ಶೇಕರಿನದು. ಅಭ್ಯಾಸಬಲ, ಫ್ಲಾಸ್ಕನ್ನು ಅಲ್ಲಾಡಲು ಬಿಟ್ಟೆ. ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಈ ಕೆಂಪು ಅಜೋ ಜಾತಿಯ ಬಣ್ಣ. ಅದು ಹೋಗಲು ಅದರೊಳಗಿನ ಎರಡು ನೈಟ್ರೋಜನ್ ನಡುವಿನ ಕೊಂಡಿ ಮುರಿಯಬೇಕು, ಅದಕ್ಕೆ ಎಲೆಕ್ಟ್ರಾನ್ ಬೇಕು. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಅದನ್ನು ಆಕ್ಸಿಜನ್‌ಗೇ ಕೊಟ್ಟುಬಿಡುತ್ತದೆ. ಬಾಟಲಿ ತುಂಬಿಸಿ ಸುಮ್ನೆ ಇಟ್ಟೆ, ಕೆಲಸ ಶುರುವಾಯ್ತು.

ಬ್ಯಾಕ್ಟೀರಿಯಾ ಜೊತೆಗೆ ಬಣ್ಣ ಹೀರಿಕೊಳ್ಳುವ ವಸ್ತುವೂ ಒಂದು ಬೇಕಿತ್ತು. ಅದಕ್ಕೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಶೇಂಗಾ ಸಿಪ್ಪೆ ತರಿಸಿದ್ದೆ. ಪುಡಿ ಮಾಡಿ ಹಾಗೇ ಹಾಕಿದರೆ ಕೆಂಪು ಹೋಗುವ ಬದಲು ನೀರು ಚಹಾ ಬಣ್ಣಕ್ಕೆ ತಿರುಗಿತು, ಸಿಪ್ಪೆಯದೇ ಬಣ್ಣ ಬಿಟ್ಟಿತ್ತು. ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ಇದ್ದಿಲು ಮಾಡಿ, ಚೆನ್ನಾಗಿ ತೊಳೆದ ಮೇಲೆ ದಾರಿಗೆ ಬಂತು. ಈ ಬಣ್ಣವನ್ನು ಇದ್ದಿಲು ಹುಳಿ ನೀರಿನಲ್ಲೇ ಜಾಸ್ತಿ ಹಿಡಿಯುತ್ತದೆ. ರೇಷ್ಮೆ ಬಣ್ಣದ ನೀರು ಹೇಗೂ ಹುಳಿ. ಬ್ಯಾಕ್ಟೀರಿಯಾಕ್ಕೆ ಮಾತ್ರ ಹುಳಿ ಆಗದು. ಹಾಗಾಗಿ ಮೊದಲು ಇದ್ದಿಲು, ಆಮೇಲೆ ಅಡುಗೆ ಸೋಡಾ, ಕೊನೆಗೆ ಗೋಲಿ.

ತಿಳಿಯಾದ ನೀರಿನ ಬಾಟಲಿ ಹಿಡಿದು ಮೊಳಕಾಲ್ಮೂರಿಗೆ ಹೋದೆ, ಜಂಬದಿಂದಲೇ. ಬಣ್ಣದ ಮನೆಯ ಯಜಮಾನರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಬಣ್ಣ ಹೋತು ಸರಿ ಕಣಮ್ಮ, ಹೋಗಿದ್ದೆಲ್ಲಿಗೆ?" ಅಂದರು. ನನ್ನ ಬಾಯಿ ಕಟ್ಟಿತು.

ವಾಪಸ್ ಬಂದು ಇದ್ದಿಲು ಬಿಟ್ಟು ಗೋಲಿಗಳನ್ನಷ್ಟೇ ಪರೀಕ್ಷೆಗಿಟ್ಟೆ. ಒಂದು ಬಾಟಲಿಗೆ ಜೀವಂತ ಬ್ಯಾಕ್ಟೀರಿಯಾದ ಗೋಲಿ, ಇನ್ನೊಂದಕ್ಕೆ ಕುದಿಸಿ ಕೊಂದ ಬ್ಯಾಕ್ಟೀರಿಯಾದ್ದು. ಸಂಜೆ ಹೊತ್ತಿಗೆ ಎರಡೂ ಗುಲಾಬಿ. ಎರಡನೇ ದಿನ ಜೀವಂತ ಗೋಲಿ ಮತ್ತೆ ಬೆಳ್ಳಗಾಗಿತ್ತು, ನೀರೂ ತಿಳಿ. ಸತ್ತ ಗೋಲಿ ಗುಲಾಬಿಯಾಗೇ ಇತ್ತು, ಅದರ ನೀರು ಕೆಂಪಾಗೇ ಇತ್ತು. ಅಂದರೆ ಒಂದು ಕಡೆ ಬಣ್ಣ ಮುರಿದಿದೆ, ಇನ್ನೊಂದು ಕಡೆ ಬರೀ ಅಂಟಿದೆ.

ಮುರಿದದ್ದೂ ಮಾಯವಾಗಿಲ್ಲ. ಕೊಂಡಿ ಮುರಿದಾಗ ಬರುವ ಅಮೀನು ಅನ್ನುವ ತುಣುಕುಗಳಿಗೆ ಸಾಮಾನ್ಯವಾಗಿ ಬಣ್ಣವಿಲ್ಲ, ಆದರೆ ಕೆಲವು ವಿಷ. ಆ ಬಾಟಲಿಯನ್ನು ಯಾರೂ ಬಾಯಿಗಿಡದ್ದು ನನ್ನ ಪುಣ್ಯ. ಅವನ್ನು ಅರಗಿಸಲು ಈಗ ಗಾಳಿ ಬೇಕು. ಮೀನಿನ ತೊಟ್ಟಿಯ ಪಂಪು ತಂದು ಕೊನೆಯ ಪಾತ್ರೆಗೆ ಹಾಕಿದ್ದೇನೆ, ಆ ಪರೀಕ್ಷೆ ಇನ್ನೂ ನಡೀತಿದೆ. ಬಣ್ಣ ಹೀರಿದ ಇದ್ದಿಲು ಬೆಂಚಿನ ಕೆಳಗೆ ಎರಡು ಕವರಿನಲ್ಲಿದೆ. ಯಜಮಾನರು ಮತ್ತೆ ಕೇಳಿದರೆ ಮೊದಲು ಅದನ್ನೇ ತೋರಿಸಬೇಕು.