ಜಮಾ-ಖರ್ಚಿನ ಹಾಳೆ ಓದಲು ಕಲಿತದ್ದು

23 ವಾರ್ಡುಗಳ ಪುರಸಭೆಯೊಂದಕ್ಕೆ ಸಾಮಾನ್ಯ ಮಹಿಳೆ ಮೀಸಲಿನಲ್ಲಿ ಆಯ್ಕೆಯಾಗಿ ಹೋದ ಮೊದಲ ವರ್ಷ ನಾನು ಅತ್ಯಂತ ಕಡಿಮೆ ಗಮನ ಕೊಟ್ಟದ್ದು ಕಾರ್ಯಸೂಚಿಯ ಎರಡನೆಯ ವಿಷಯಕ್ಕೆ. ‘ಹಿಂದಿನ ಮಾಹೆಯ ಜಮಾ-ಖರ್ಚಿಗೆ ಮಂಜೂರಾತಿ ನೀಡುವ ಬಗ್ಗೆ’ ಎಂದು ಗುಮಾಸ್ತರು ಓದುತ್ತಿದ್ದರು, ಯಾರಾದರೊಬ್ಬರು ‘ಅಂಗೀಕಾರ’ ಎನ್ನುತ್ತಿದ್ದರು, ಮುಂದಿನ ವಿಷಯ ಬರುತ್ತಿತ್ತು. ನಮ್ಮ ದನಿ ಏರುತ್ತಿದ್ದುದೆಲ್ಲ ಹೊಸ ರಸ್ತೆ ಯಾವ ವಾರ್ಡಿಗೆ, ಹೈಮಾಸ್ಟ್ ದೀಪ ಯಾವ ವೃತ್ತಕ್ಕೆ ಎಂಬಲ್ಲಿಯೇ.

ನನ್ನ ಕಣ್ಣು ತೆರೆಸಿದ್ದು ಒಂದು ಚರಂಡಿ. ಮಳೆಗಾಲಕ್ಕೆ ಮುನ್ನ ಹೂಳೆತ್ತುವುದಕ್ಕಾಗಿ ಶಾಲೆಯ ಹಿಂದಿನ ತಿರುವಿನಲ್ಲಿ ಚಪ್ಪಡಿಗಳನ್ನು ಎಬ್ಬಿಸಿದ್ದರು. ಕೆಲಸ ಮುಗಿದ ಮೇಲೆ ಮೂರು ಚಪ್ಪಡಿಗಳನ್ನು ಕಾಂಪೌಂಡಿಗೆ ಒರಗಿಸಿ ಹಾಗೆಯೇ ಬಿಟ್ಟು ಹೋಗಿದ್ದರು. ಆಷಾಢದ ಒಂದು ಸಂಜೆ, ಆ ತಿರುವಿನ ಬೀದಿ ದೀಪವೂ ಉರಿಯದೆ ಇದ್ದಾಗ, ಹೂವು ಮಾರಿ ಮನೆಗೆ ಮರಳುತ್ತಿದ್ದ ಹಿರಿಯ ಮಹಿಳೆಯೊಬ್ಬರು ಅದರೊಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮರುದಿನ ಕಡತ ತರಿಸಿ ನೋಡಿದೆ. ಅಂದಾಜು ಪಟ್ಟಿಯಲ್ಲಿ ‘ಚಪ್ಪಡಿ ತೆಗೆದು ಮರುಜೋಡಿಸುವುದು’ ಎಂಬ ಬಾಬ್ತು ಇತ್ತು, ಅಳತೆ ಪುಸ್ತಕದಲ್ಲಿ ಅದು ಆಗಿದೆಯೆಂದು ಬರೆದಿತ್ತು, ಅಂತಿಮ ಬಿಲ್ಲು ಪಾವತಿಯಾಗಿತ್ತು, ಆ ಪಾವತಿ ಸೇರಿದ್ದ ಜಮಾ-ಖರ್ಚಿಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ಆಸ್ಪತ್ರೆಯಲ್ಲಿ ಆಕೆಯನ್ನು ನೋಡಲು ಹೋದಾಗ ಈ ಮಾತನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಸಭೆಯ ತಿಳಿವಳಿಕೆ ಪತ್ರದೊಂದಿಗೇ ಜಮಾ-ಖರ್ಚಿನ ಪ್ರತಿಯನ್ನೂ ಕೊಡಬೇಕೆಂದು ಮುಖ್ಯಾಧಿಕಾರಿಗಳಿಗೆ ಲಿಖಿತವಾಗಿ ಕೇಳಿದೆ. ಲೆಕ್ಕಿಗರು ಬಹಳ ತಾಳ್ಮೆಯ ಮನುಷ್ಯರು. ಎರಡು ಮಧ್ಯಾಹ್ನ ಕುಳಿತು ಯಾವ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬಹುದು ಎಂಬುದನ್ನು ಬಿಡಿಸಿ ಹೇಳಿದರು. ಆಗ ಬರುತ್ತಿದ್ದ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಾದ ಕಟ್ಟುಪಾಡಿನ ನಿಧಿಯಾಗಿತ್ತು, ಉಳಿದ ಶೇ. 40 ಮಾತ್ರ ಮುಕ್ತವಾಗಿತ್ತು. ಪರಿಶಿಷ್ಟರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ತೆಗೆದಿಡಬೇಕಾದ ಪಾಲುಗಳು ಬೇರೆ. ಇಷ್ಟೆಲ್ಲ ಕಳೆದ ಮೇಲೆ, ಮುರಿದ ಚಪ್ಪಡಿಯನ್ನು ಬದಲಿಸುವಂಥ ಸಣ್ಣ ಕೆಲಸಗಳಿಗೆ ನಮ್ಮ ಕೈಯಲ್ಲಿ ಉಳಿಯುವುದು ಬಹುಮಟ್ಟಿಗೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆಗಳಿಂದ ಬಂದ ಸ್ವಂತ ನಿಧಿ.

ಬೀದಿ ದೀಪದ ಕಥೆ ಇನ್ನೂ ಸೂಕ್ಷ್ಮವಾದದ್ದು. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆ, ಮುಕ್ತ ನಿಧಿಗೆ ಇರುವಂತೆ ವಿದ್ಯುತ್ತಿಗೂ ಪ್ರತ್ಯೇಕ ಶೀರ್ಷಿಕೆ ಇರುವುದರಿಂದ, ಆ ಬಿಲ್ಲನ್ನು ಸದಸ್ಯರು ಯಾರೂ ತಮ್ಮ ಹಣವೆಂದು ಎಣಿಸುತ್ತಿರಲಿಲ್ಲ. ನಾನು ಬಿಲ್ಲುಗಳನ್ನು ಆರ್.ಆರ್. ಸಂಖ್ಯೆಯ, ಅಂದರೆ ಪ್ರತಿ ವಿದ್ಯುತ್ ಸಂಪರ್ಕಕ್ಕೂ ಇರುವ ಗುರುತಿನ ಸಂಖ್ಯೆಯ ಪ್ರಕಾರ ಜೋಡಿಸಿ, ನಮ್ಮ ವಾರ್ಡಿನ ಪ್ರತಿಯೊಂದು ಮೀಟರ್ ಪೆಟ್ಟಿಗೆ ಯಾವ ಯಾವ ಕಂಬಗಳಿಗೆ ಸೇರಿದ್ದು ಎಂಬುದನ್ನು ತಿಳಿಯಲು, ದೀಪ ನಿರ್ವಹಣೆಯ ಹುಡುಗನೊಬ್ಬನನ್ನು ಕರೆದುಕೊಂಡು ರಾತ್ರಿ ಎಂಟರ ಮೇಲೆ ನಡೆದೆ. ಕಂಬಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆಸಿದೆ, ನೋಟ್‌ಬುಕ್ಕಿನಲ್ಲಿ ಉರಿಯುವುದು, ಉರಿಯದ್ದು ಎಂದು ಗುರುತು ಹಾಕಿದೆ. 41 ಕಂಬಗಳಲ್ಲಿ 9 ಕತ್ತಲಲ್ಲಿದ್ದವು. ಒಂದು ಪೆಟ್ಟಿಗೆಯ ಟೈಮರ್ ಕೆಟ್ಟು, ಅದರ ಸಾಲಿನ ದೀಪಗಳು ಹಗಲಿಡೀ ಉರಿಯುತ್ತಿದ್ದವು. ಆ ಮೀಟರಿನ ಯೂನಿಟ್ಟುಗಳು ತಿಂಗಳುಗಳಿಂದ ಹೆಚ್ಚುತ್ತಾ ಬಂದಿದ್ದನ್ನು ನಾವು ಪ್ರತಿ ತಿಂಗಳೂ ಅಂಗೀಕರಿಸಿದ್ದೆವು. ನೀರು ಬತ್ತಿ ಕೈಬಿಟ್ಟಿದ್ದ ಕೊಳವೆಬಾವಿಯೊಂದರ ಸಂಪರ್ಕಕ್ಕೂ ನಿಗದಿತ ಶುಲ್ಕ ಹೋಗುತ್ತಲೇ ಇತ್ತು.

ನಿರ್ವಹಣೆಯ ಟೆಂಡರ್ ಷರತ್ತುಗಳಲ್ಲಿ, ದೂರು ಬಂದ 48 ಗಂಟೆಯೊಳಗೆ ದೀಪ ಸರಿಪಡಿಸದಿದ್ದರೆ ದಂಡ ಕಡಿತ ಮಾಡತಕ್ಕದ್ದೆಂದು ಇತ್ತು. ಒಂದು ರೂಪಾಯಿಯೂ ಕಡಿತವಾಗಿರಲಿಲ್ಲ, ಏಕೆಂದರೆ ದೂರನ್ನು ಬರೆದಿಡುವ ವಹಿಯೇ ಕಚೇರಿಯಲ್ಲಿರಲಿಲ್ಲ. ಜನರು ಸದಸ್ಯರಿಗೆ ಫೋನ್ ಮಾಡುತ್ತಿದ್ದರು, ಸದಸ್ಯರು ಗುತ್ತಿಗೆದಾರರ ಕಡೆಯವರಿಗೆ ಫೋನ್ ಮಾಡುತ್ತಿದ್ದರು, ಅಲ್ಲಿಗೆ ಮುಗಿಯಿತು. ನಾವು ಜನಸೇವೆ ಎಂದುಕೊಂಡು ಮಾಡುತ್ತಿದ್ದ ಆ ಫೋನುಗಳೇ ದಂಡದ ಷರತ್ತನ್ನು ನಿಷ್ಪ್ರಯೋಜಕ ಮಾಡಿದ್ದವು ಎಂದು ನಾನು ಇಂದಿಗೂ ನಂಬುತ್ತೇನೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಎರಡು ಠರಾವುಗಳನ್ನು ಮಂಡಿಸಿದೆ. ಕಂಬದ ಸಂಖ್ಯೆ, ದೂರು ಬಂದ ದಿನಾಂಕ ಮತ್ತು ಸರಿಪಡಿಸಿದ ದಿನಾಂಕವುಳ್ಳ ವಹಿಯ ಪ್ರತಿಯಿಲ್ಲದೆ ದೀಪ ನಿರ್ವಹಣೆಯ ಬಿಲ್ಲನ್ನು ಪಾವತಿಗೆ ಮಂಡಿಸಬಾರದೆಂಬುದು ಒಂದು. ಚರಂಡಿ ಕಾಮಗಾರಿಯ ಅಂತಿಮ ಬಿಲ್ಲಿನೊಂದಿಗೆ ಚಪ್ಪಡಿ ಮುಚ್ಚಿದ ಸ್ಥಳದ ಛಾಯಾಚಿತ್ರ ಇರಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ಯಾರ ತಕರಾರೂ ಬರಲಿಲ್ಲ. ಮೊದಲನೆಯದಕ್ಕೆ ಹಿರಿಯ ಸದಸ್ಯರೊಬ್ಬರು, ವಹಿಯಲ್ಲಿ ಬರೆಸಲು ಕಚೇರಿಗೆ ಬರಲಾರದ ಕೂಲಿಯವರ ಗತಿಯೇನು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯಾಗಿತ್ತು. ಫೋನಿನಲ್ಲಿ ಬಂದ ದೂರನ್ನೂ ಸಂಖ್ಯೆ ಕೊಟ್ಟು ಬರೆದುಕೊಳ್ಳಬೇಕೆಂಬ ತಿದ್ದುಪಡಿಯೊಂದಿಗೆ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ನಾಲ್ಕನೆಯ ತಿಂಗಳ ಬಿಲ್ಲಿನಲ್ಲಿ ಮೊದಲ ಬಾರಿಗೆ ದಂಡ ಕಡಿತವಾಯಿತು. ಮೊತ್ತ ಚಿಕ್ಕದು, ಆದರೆ ಶಾಲೆಯ ಹಿಂದಿನ ತಿರುವಿನ ದೀಪ ಆಮೇಲೆ ಎರಡು ದಿನಕ್ಕಿಂತ ಹೆಚ್ಚು ಆರಿದ್ದಿಲ್ಲ.

ನನ್ನಿಂದ ಆಗದೆ ಉಳಿದದ್ದು ಊರಿನ ಹೊರಗಿನ ಎರಡು ಖಾಸಗಿ ಬಡಾವಣೆಗಳು. ಅವು ಪುರಸಭೆಗೆ ಹಸ್ತಾಂತರವಾಗದ ಕಾರಣ ಅಲ್ಲಿ ನಮ್ಮ ನಿಧಿಯಿಂದ ದೀಪ ಹಾಕಲು ಬರುವುದಿಲ್ಲ. ಹಸ್ತಾಂತರಕ್ಕೆ ಮೊದಲು ಮಾಲೀಕರು ಚರಂಡಿ, ಕಂಬಗಳನ್ನು ಪೂರ್ಣಗೊಳಿಸಬೇಕು. ನೋಟಿಸುಗಳು ಹೋದವು, ಉತ್ತರಗಳು ಬಂದವು. ನನ್ನ ಅವಧಿ ಮುಗಿದ ದಿನ, ಆ ಎರಡು ಬಡಾವಣೆಗಳ ಪತ್ರವ್ಯವಹಾರದ ಪ್ರತಿಗಳನ್ನು ಕಂಬಗಳ ನೋಟ್‌ಬುಕ್ಕಿನೊಂದಿಗೆ ಮುಂದೆ ಬಂದ ಸದಸ್ಯೆಯ ಕೈಗೆ ಕೊಟ್ಟು, ಕತ್ತಲಾದ ಮೇಲೆ ಅಲ್ಲಿಗೂ ಒಮ್ಮೆ ಅವರನ್ನು ಕರೆದುಕೊಂಡು ಹೋಗಿ ಬಂದೆ.