ಪಾಂಡವಪುರ ದಾಟಿದ ಮೇಲೆ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವವರಿಗೆ ಸೀಟಿಗಿಂತ ದೊಡ್ಡ ಚಿಂತೆ ಇರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಯ ಒಂದು ಬೆಳಿಗ್ಗೆ, ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿಯ ಸೇತುವೆ ಏರುತ್ತಿದ್ದಂತೆ ಬೆರಳುಗಳು ಜುಮ್ಮೆಂದವು. ಎದೆ ಡವಡವ ಹೊಡೆದುಕೊಂಡಿತು. ಉಸಿರು ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ. ಇಲ್ಲೇ ನನ್ನ ಕಥೆ ಮುಗಿಯಿತು ಅನ್ನಿಸಿತು. ನಾನು ಲೆಕ್ಕಪತ್ರ ನೋಡುವ ಸಣ್ಣ ಕಚೇರಿಯಲ್ಲಿದ್ದೇನೆ. ಮಾರ್ಚ್ ನಮಗೆ ಸುಗ್ಗಿಯಲ್ಲ, ಸೂತಕ.

ಇಸಿಜಿ, ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲವೂ ಸರಿಯಾಗಿದ್ದವು. (ಎದೆ ಹಿಂಡಿದಾಗ ‘ಇದು ಬರೀ ಗಾಬರಿ’ ಎಂದು ತಾವೇ ತೀರ್ಪು ಕೊಟ್ಟುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲು ವೈದ್ಯರಿಗೆ ತೋರಿಸಬೇಕು.) ವೈದ್ಯರು ಆಪ್ತಸಮಾಲೋಚಕಿಯೊಬ್ಬರ ಬಳಿ ಕಳುಹಿಸಿದರು. ಎದುರಿಗೆ ಇಲ್ಲದ ಹುಲಿಗೆ ಹೆದರಿ ಮೈ ಅಡ್ರಿನಲಿನ್ ಸುರಿಸುತ್ತದೆ, ಈ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ, ಅಲ್ಲಿಯವರೆಗೆ ಕಾಲೂರಲು ಒಂದು ಜಾಗ ಬೇಕು ಎಂದರು ಅವರು. ಅದಕ್ಕೆ ಗ್ರೌಂಡಿಂಗ್ ಎನ್ನುತ್ತಾರಂತೆ. ಕಣ್ಣಿಗೆ ಕಾಣುವ 5, ಮುಟ್ಟಬಹುದಾದ 4, ಕಿವಿಗೆ ಬೀಳುವ 3, ಮೂಗಿಗೆ ಬರುವ 2, ನಾಲಿಗೆಗೆ ಸಿಗುವ 1, ಹೀಗೆ ಸುತ್ತಲಿನದನ್ನು ಒಂದೊಂದಾಗಿ ಗುರುತಿಸಬೇಕು.

ಎಲ್‌ಕೆಜಿ ಮಕ್ಕಳ ಆಟ ಎಂದು ಮನಸ್ಸಿನಲ್ಲೇ ನಕ್ಕೆ. ಮರುವಾರ ರೈಲಿನಲ್ಲಿ ಪ್ರಯತ್ನಿಸಿದೆ: ಫ್ಯಾನು, ಕಿಟಕಿ, ಚೀಲ, ಚಪ್ಪಲಿ, ಬಾಗಿಲು. ಮಗ್ಗಿ ಒಪ್ಪಿಸಿದಂತೆ ಬಾಯಿ ಹೇಳುತ್ತಿತ್ತು, ಭಯ ಅದರ ಪಾಡಿಗೆ ಅದು ಬೆಳೆಯುತ್ತಿತ್ತು. ಉಪಯೋಗವಿಲ್ಲ ಎಂದು ದೂರಿದಾಗ ಆಕೆ ಒಂದೇ ಪ್ರಶ್ನೆ ಕೇಳಿದರು: “ಆ ಚೀಲದ ಬಣ್ಣ ಯಾವುದು?” ನನಗೆ ಗೊತ್ತಿರಲಿಲ್ಲ.

ನಾನು ಹೆಸರು ಹೇಳಿದ್ದೆ, ನೋಡಿರಲಿಲ್ಲ.

ಎದುರು ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬರು ದಿನವೂ ಬರುತ್ತಾರೆ. ಅವರ ಬೆರಳುಗಳನ್ನು ನೋಡತೊಡಗಿದೆ. ಒದ್ದೆ ಬಾಳೆನಾರು. ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು, ಒಂದು ಸುತ್ತು, ಒಂದು ಎಳೆತ. ಎಡಗೈ ಹೆಬ್ಬೆರಳಿನ ಉಗುರು ಹಸಿರುಗಟ್ಟಿದೆ. ಇಷ್ಟು ಕಾಣುವ ಹೊತ್ತಿಗೆ ಭುಜ ಒಂದಿಷ್ಟು ಇಳಿದಿರುತ್ತಿತ್ತು. ಭಯ ಹೋಗುತ್ತಿರಲಿಲ್ಲ, ಪಕ್ಕಕ್ಕೆ ಸರಿದು ಕೂರುತ್ತಿತ್ತು.

ಪಾಠವನ್ನು ನನಗೆ ಬೇಕಾದಂತೆ ತಿದ್ದಿಕೊಂಡೆ. ದಿನವಿಡೀ ಅಂಕಿ ನೋಡುವ ಕಣ್ಣು ಬೇಗ ದಣಿಯುತ್ತದೆ, ಹಾಗಾಗಿ ನಾನು ಮುಟ್ಟುವುದರಿಂದ ಆರಂಭಿಸುತ್ತೇನೆ. ಚಪ್ಪಲಿ ಬಿಟ್ಟು ಅಂಗಾಲನ್ನು ನೆಲಕ್ಕೆ ಒತ್ತುತ್ತೇನೆ. ಕಿಟಕಿಯ ಸರಳು ಬಿಸಿಲು ಬಿದ್ದ ಕಡೆ ಬೆಚ್ಚಗೆ, ಕೆಳಗೆ ತಣ್ಣಗೆ. ರುಚಿಗೆಂದು ಡಬ್ಬಿಯಲ್ಲಿ ಒಂದು ಮೈಸೂರು ಚಿಗುರೆಲೆ ಇರುತ್ತದೆ; ಸುಣ್ಣ, ಹೊಗೆಸೊಪ್ಪು ಏನೂ ಇಲ್ಲ, ಎಲೆಯೊಂದೇ. ಅದರ ಖಾರ ನಾಲಿಗೆಯನ್ನು ಹಿಡಿದು ಎಳೆದು ತರುತ್ತದೆ. ಉಸಿರಿನ ವಿಷಯದಲ್ಲಿ ಮಾತ್ರ ನನ್ನ ತಿಳಿವಳಿಕೆ ಪೂರ್ತಿ ತಲೆಕೆಳಗಾಗಿತ್ತು. ಗಾಬರಿಯಲ್ಲಿ ಜೋರಾಗಿ ಉಸಿರೆಳೆದಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು ಅದರಿಂದಲೇ. ಈಗ ನಾಲ್ಕು ಎಣಿಸಿ ಒಳಗೆಳೆದು, ಆರು ಎಣಿಸುತ್ತಾ ಹೊರಬಿಡುತ್ತೇನೆ. ಅದೂ ಸಾಲದಿದ್ದರೆ ನಿಲ್ದಾಣಗಳನ್ನು ಹಿಂದುಮುಂದಾಗಿ ಹೇಳುತ್ತೇನೆ: ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು.

ಹೊಳೆ ತುಂಬಿ ಬಂದಾಗ ಈಜು ಕಲಿಯಲಾಗದಲ್ಲ, ಆದ್ದರಿಂದ ನೆಮ್ಮದಿಯಿದ್ದ ದಿನಗಳಲ್ಲೇ ಹೆಚ್ಚು ಅಭ್ಯಾಸ ಮಾಡಿದೆ. ಸಂಜೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸುಮ್ಮನೆ ನಡೆದು, ಮಲ್ಲಿಗೆಯ ವಾಸನೆ ಮುಗಿದು ಊದುಬತ್ತಿಯದು ಶುರುವಾಗುವ ಜಾಗವನ್ನು ಹುಡುಕುತ್ತಿದ್ದೆ. ಹೋಗಿಬಂದ ಲೆಕ್ಕ ನೋಡಿದರೆ ಮನೆಗೆ ಬೇಡದ ಹೂವನ್ನೇ ಬಹಳ ಕೊಂಡಿದ್ದೇನೆ.

ಇದರಿಂದ ಆಗದ ಕೆಲಸವೂ ಇದೆ. ಒಮ್ಮೆ ಸಾಲದ ನೋಟಿಸು ಬಂದಾಗ ಲಕೋಟೆ ಒಡೆಯದೆ ಎರಡು ದಿನ 5-4-3-2-1 ಎಣಿಸುತ್ತಾ ಕುಳಿತಿದ್ದೆ. ಅದು ಗ್ರೌಂಡಿಂಗ್ ಅಲ್ಲ, ಕಳ್ಳಾಟ. ಕಚೇರಿಯಲ್ಲಿ ಇಷ್ಟೊಂದು ಕಡತ ನನ್ನಿಂದಾಗದು ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಹೊರೆ ಇಳಿದದ್ದು. ನಿದ್ದೆ ಪೂರ್ತಿ ಕೆಟ್ಟಿದ್ದ ವಾರಗಳಲ್ಲಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಅದು; ಕನ್ನಡದಲ್ಲೇ, ಹಗಲಿರುಳೂ ಮಾತಾಡಬಹುದು.

ಹೋದ ವಾರ ಹೂವಿನವರು ತಲೆಯೆತ್ತಿ, “ಇಷ್ಟು ದಿನ ನೋಡಿದ್ದೀರಿ, ಕಟ್ಟುವುದಕ್ಕೆ ಬರುತ್ತದೆಯೇ?” ಎಂದು ಕೇಳಿ, ಒಂದು ಮೊಳ ನಾರು ಹರಿದು ಕೊಟ್ಟರು. ಆಗ ಪಾಂಡವಪುರ ದಾಟಿತ್ತು. ಐದನೆಯ ಗಂಟು ಜಾರಿ ಮೊಗ್ಗುಗಳೆಲ್ಲ ನನ್ನ ತೊಡೆಯ ಮೇಲೆ ಉದುರಿದವು. ಆರಿಸಿಕೊಂಡು ತಲೆಯೆತ್ತಿದರೆ ಕಿಟಕಿಯಲ್ಲಿ ನಾಗನಹಳ್ಳಿಯ ಬೋರ್ಡು. ಸೇತುವೆ ಯಾವಾಗ ಬಂದು ಹೋಯಿತೋ.