ಹಿಂಜರಿತದ ಆತಂಕದಲ್ಲಿ ಷೇರಿನ ಪಾಲು ಎಷ್ಟಿರಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವವರಿಗೂ ಅದೇ ವಯಸ್ಸಿನ ಸರ್ಕಾರಿ ಶಾಲಾ ಶಿಕ್ಷಕರಿಗೂ ಷೇರು ಹೂಡಿಕೆಯ ಪ್ರಮಾಣ ಒಂದೇ ಇರಬಾರದು. ಆರ್ಥಿಕ ಹಿಂಜರಿತದಲ್ಲಿ ವಾಹನ ಮಾರಾಟ ಕುಗ್ಗಿ, ಎರಕದ ಬಿಡಿಭಾಗಗಳ ಆರ್ಡರ್ ಕಡಿಮೆಯಾಗುವ ಹೊತ್ತಿಗೆ ಷೇರುಪೇಟೆಯೂ ಕುಸಿದಿರುತ್ತದೆ. ಶಿಕ್ಷಕರ ಸಂಬಳ ಮಾತ್ರ ತಿಂಗಳು ತಿಂಗಳು ಬರುತ್ತಿರುತ್ತದೆ. ನಷ್ಟ ತಾಳುವ ಶಕ್ತಿಯನ್ನು ಧೈರ್ಯದಿಂದ ಅಳೆಯುವ ಮೊದಲು ಆದಾಯದಿಂದ ಅಳೆಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಒಂದು ಹಾಳೆ ತೆಗೆದುಕೊಳ್ಳಿ. ಒಟ್ಟು 20 ಲಕ್ಷ ರೂಪಾಯಿಯಲ್ಲಿ 16 ಲಕ್ಷ ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡ್‌ಗಳಲ್ಲಿದ್ದರೆ, ಪೇಟೆ ಅರ್ಧಕ್ಕೆ ಕುಸಿಯಿತೆಂದುಕೊಂಡು ಆ 16ನ್ನು ಹೊಡೆದುಹಾಕಿ 8 ಎಂದು ಬರೆಯಿರಿ. ಉಳಿಯುವುದು 12 ಲಕ್ಷ. ಇದು ಹೆದರಿಸುವ ಲೆಕ್ಕವಲ್ಲ: 2008ರ ಜನವರಿಯಲ್ಲಿ 21,000 ದಾಟಿದ್ದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿದಿತ್ತು, ಹಳೆಯ ಮಟ್ಟವನ್ನು ಮತ್ತೆ ಮುಟ್ಟಿದ್ದು 2010ರ ಕೊನೆಯ ಭಾಗದಲ್ಲಿ. ಅಂಥ ಎರಡು ಮೂರು ವರ್ಷ ಏನನ್ನೂ ಮಾರದೆ ಮನೆ ನಡೆಯುತ್ತದೆಯೇ, ಮಕ್ಕಳ ಕಾಲೇಜು ಶುಲ್ಕ ಕಟ್ಟಬಹುದೇ ಎಂದು ಮನೆಯವರೊಡನೆ ಕುಳಿತು ನೋಡಿ. ಆಗದೆನಿಸಿದರೆ ಷೇರಿನ ಪಾಲು ಹೆಚ್ಚಾಗಿದೆ ಎಂದೇ ಅರ್ಥ.

ಮೊದಲು ಒಂದು ವರ್ಷದ ಮನೆಖರ್ಚನ್ನು ಬ್ಯಾಂಕ್ ಠೇವಣಿಯಲ್ಲಿಡಿ. ಆದಾಯ ಏರುಪೇರಾಗುವ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಎರಡು ವರ್ಷದ್ದು ಬೇಕು. ನಮ್ಮ ಭಾಗದಲ್ಲಿ ಹೆಚ್ಚು ಬಡ್ಡಿಯ ಆಸೆಗೆ ಈ ಹಣವನ್ನು ಪತ್ತಿನ ಸಹಕಾರಿ ಸಂಘಗಳಲ್ಲಿ ಇಡುವವರು ಬಹಳ. ದಯವಿಟ್ಟು ಗಮನಿಸಿ: ಒಬ್ಬ ಠೇವಣಿದಾರರಿಗೆ ಪ್ರತಿ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಪತ್ತಿನ ಸಂಘಗಳಿಗೆ ಇಲ್ಲ.

ನಂತರ ಷೇರಿನ ಪಾಲನ್ನು ಮೆಲ್ಲಗೆ ಇಳಿಸಿ. ಹಿಂಜರಿತ ಎಂದು ಬರುತ್ತದೆಂದು ಯಾರೂ ಹೇಳಲಾರರು. ಸುದ್ದಿ ನೋಡಿ ಎಲ್ಲವನ್ನೂ ಮಾರಿದವರು ಚೇತರಿಕೆಯ ಮೊದಲ ಏರಿಕೆಯನ್ನೇ ಕಳೆದುಕೊಳ್ಳುತ್ತಾರೆ. ಹೊಸ ಉಳಿತಾಯವನ್ನು ಠೇವಣಿ, ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗಳತ್ತ ತಿರುಗಿಸಿ. ಮಾರಲೇಬೇಕಾದದ್ದನ್ನು ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ ಮಾರಿದರೆ ಎರಡು ಹಣಕಾಸು ವರ್ಷಗಳ ವಿನಾಯಿತಿಯೂ ಸಿಗುತ್ತದೆ. 2024ರ ಜುಲೈ ಬದಲಾವಣೆಯ ಪ್ರಕಾರ, ಒಂದು ವರ್ಷ ಮೀರಿ ಇಟ್ಟುಕೊಂಡ ಷೇರಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 12.5.

ಪಾಲು 60–40 (ಷೇರು 60, ಠೇವಣಿ 40) ಎಂದು ನಿಗದಿಯಾದ ಮೇಲೆ ವರ್ಷಕ್ಕೊಮ್ಮೆ ಅದೇ ಪಾಲಿಗೆ ಸರಿಪಡಿಸಿ. 12 ಲಕ್ಷದ ಷೇರು 6 ಲಕ್ಷಕ್ಕೆ ಇಳಿದಾಗ, 8 ಲಕ್ಷದ ಠೇವಣಿಯಿಂದ 2.4 ಲಕ್ಷ ತೆಗೆದು ಷೇರಿಗೆ ಹಾಕಬೇಕಾಗುತ್ತದೆ. ಮನಸ್ಸು ಒಪ್ಪದ ಕೆಲಸವಿದು, ಆದರೆ ಮನೆಖರ್ಚಿನ ಹಣ ಪ್ರತ್ಯೇಕವಾಗಿದ್ದರೆ ಕೈ ನಡುಗುವುದಿಲ್ಲ. ದೀಪಾವಳಿಗೆ ಹೊಸ ಖಾತೆಪುಸ್ತಕ ಪೂಜಿಸುವ ವ್ಯಾಪಾರಸ್ಥರು ಈ ಲೆಕ್ಕಕ್ಕೂ ಅದೇ ದಿನವನ್ನು ಗೊತ್ತುಮಾಡಿಕೊಳ್ಳಬಹುದು.